ಆರನೇ ಬುಟ್ಟಿಯ ತಿರುವು

“ತಿನ್ನೋ ಕೈ ಯಾವ್ದು, ತೊಳ್ಕೊಳ್ಳೋ ಕೈ ಯಾವ್ದು ಅಂತ ಗೊತ್ತಿಲ್ದಿರೋನ ಕೈಲಿ ಆಟದ ದಾರಿ ಹಾಕ್ಸಿದ್ರೆ ಇಂಗೇ ಕಣ್ರೀ ಆಗೋದು,” ಎಂದರು ಅನಂತರಾಜಣ್ಣ.

ನನ್ನ ಮುಖ ನೋಡಿ ಹೇಳಲಿಲ್ಲ. ಸುತ್ತ ನಿಂತಿದ್ದ ಮೂವತ್ತು ಜನರಿಗೆ ಹೇಳಿದರು. ಭಾನುವಾರ ಬೆಳಿಗ್ಗೆ ಏಳು ಗಂಟೆ, ಎಲ್ಲರ ಕೈಯಲ್ಲೂ ಕಾಗದದ ಲೋಟದಲ್ಲಿ ಕಾಫಿ. ಎಲ್ಲರೂ ನಕ್ಕರು. ಕನ್ನಡ ಸರಿಯಾಗಿ ಬಾರದ ನಾಲ್ಕೈದು ಜನ ಪಕ್ಕದವರನ್ನು ಕೇಳಿ, ಅರ್ಥ ಮಾಡಿಕೊಂಡು, ಸ್ವಲ್ಪ ತಡವಾಗಿ ನಕ್ಕರು. ಮೊದಲನೇ ನಗುವನ್ನು ಹೇಗೋ ನುಂಗಿಕೊಂಡಿದ್ದೆ. ಆ ಎರಡನೇ ನಗುವನ್ನು ನುಂಗಲಾಗಲಿಲ್ಲ.

ನಾನು ಎಡಚ. ಹೆಸರು ಭೀಮರಾಜ್. ಈ ಪಾರ್ಕಿಗೆ ನೀರು ಬಿಡುವುದು, ಎಲೆ ಗುಡಿಸುವುದು, ಒಣಗಿದ ಕೊಂಬೆ ಕೊಯ್ಯುವುದು ನನ್ನ ಕೆಲಸ. ಒಂಬತ್ತನೇ ಕ್ಲಾಸಿನಲ್ಲಿ ಗಣಿತದ ಮೇಷ್ಟ್ರು ಒಂದು ದಿನ ನನ್ನ ಎಡಗೈಯನ್ನು ನನ್ನದೇ ಟೈಯಿಂದ ಬೆಂಚಿಗೆ ಕಟ್ಟಿ, “ಈಗ ಬರಿ” ಅಂದರು. ಹಲ್ಲಿನಿಂದ ಗಂಟು ಬಿಚ್ಚಿಕೊಂಡು ಕಂಪಾಸ್ ಬಾಕ್ಸ್ ಎಸೆದೆ. ಅದು ಕಿಟಕಿಯ ಕಡೆಗೆ ಹೋಗಿ, ಅಲ್ಲಿಂದ ಚೆಂದವಾಗಿ ಬಲಕ್ಕೆ ಬಾಗಿ, ಮೇಷ್ಟ್ರ ಭುಜಕ್ಕೆ ತಗುಲಿತು. ಮಾರನೇ ದಿನದಿಂದ ನಾನು ಸ್ಕೂಲಿಗೆ ಹೋಗಲಿಲ್ಲ. ಈಗ ನನಗೆ ಇಪ್ಪತ್ತಮೂರು. ಆ ಬಾಕ್ಸು ಬಾಗಿದ ರೀತಿ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ, ಅವತ್ತಿನ ಲೆಕ್ಕ ಮಾತ್ರ ನೆನಪಿಲ್ಲ.

ಗೊತ್ತಿಲ್ಲದವರಿಗೆ ಆಟ ಏನು ಅಂತ ಹೇಳಿಬಿಡುತ್ತೇನೆ. ಊಟದ ತಟ್ಟೆಗಿಂತ ಸ್ವಲ್ಪ ಚಿಕ್ಕದಾದ ಪ್ಲಾಸ್ಟಿಕ್ ಡಿಸ್ಕು. ದೂರದಲ್ಲಿ ಕಬ್ಬಿಣದ ಕಂಬಕ್ಕೆ ಒಂದು ಬುಟ್ಟಿ, ಬುಟ್ಟಿಯ ಮೇಲೆ ಸುತ್ತ ಇಳಿಬಿಟ್ಟ ಸರಪಳಿ. ಗೆರೆಯ ಹಿಂದೆ ನಿಂತು ಎಸೆಯಬೇಕು. ಬಿದ್ದಲ್ಲಿಂದ ಮತ್ತೆ ಎಸೆಯಬೇಕು. ಡಿಸ್ಕು ಸರಪಳಿಗೆ ಬಡಿದು ಬುಟ್ಟಿಯಲ್ಲಿ ಕೂತರೆ ಆಯಿತು. ಯಾರು ಕಡಿಮೆ ಎಸೆತದಲ್ಲಿ ಮುಗಿಸುತ್ತಾರೋ ಅವರು ಗೆದ್ದಂತೆ. ಡಿಸ್ಕ್ ಗಾಲ್ಫ್ ಅಂತ ಹೆಸರು. ನಮ್ಮೂರಿನವರು ತಟ್ಟೆಯಾಟ ಅನ್ನುತ್ತಾರೆ.

ಯಲಹಂಕ ದಾಟಿ ಹುಣಸಮಾರನಹಳ್ಳಿ ಕಡೆಗೆ ಬರುವಾಗ ಸಿಗುವ ನಮ್ಮ ತೋಪಿಗೆ ಈಗ ಪಾರ್ಕ್ ಅಂತ ಬೋರ್ಡು ಬಂದಿದೆ. ನೀಲಗಿರಿ, ಹೊಂಗೆ, ನೇರಳೆ, ಮಧ್ಯದಲ್ಲಿ ಒಂದು ಮುದಿ ಗೋಣಿಮರ. ಆಟವನ್ನು ಇಲ್ಲಿಗೆ ತಂದವರು ಮೋನಿಷಾ ಮೇಡಂ. ಯಲಹಂಕ ನ್ಯೂ ಟೌನಿನ ಒಂದು ಸ್ಕೂಲಿನಲ್ಲಿ ಪಿ.ಟಿ. ಟೀಚರು. ಬುಟ್ಟಿಗಳನ್ನು ನಾಗಸಂದ್ರದ ತನ್ನ ಶೆಡ್ಡಿನಲ್ಲಿ ವೆಲ್ಡಿಂಗ್ ಮಾಡಿಕೊಟ್ಟವನು ಅಕ್ಬರ್ ಪಾಷಾ. ಮಾಡಿಕೊಡುತ್ತಾ ಮಾಡಿಕೊಡುತ್ತಾ ತಾನೂ ಆಟಕ್ಕೆ ಬಿದ್ದ. ಪಾರ್ಕಿನ ಸಮಿತಿಗೆ ಅಧ್ಯಕ್ಷರು ಅನಂತರಾಜಣ್ಣ. ನಮ್ಮೂರಿನವರೇ. ಅವರ ಹೊಲಗಳಲ್ಲಿ ಈಗ ಹದಿನಾಲ್ಕು ಅಂತಸ್ತಿನ ಎರಡು ಕಟ್ಟಡ ಎದ್ದಿವೆ. ಒಂಬತ್ತು ಬುಟ್ಟಿಗೆ ದಾರಿ ಹಾಕಿದವನು ನಾನು. ಯಾವ ಮರದ ಸಂದಿನಲ್ಲಿ ಗಾಳಿ ಎತ್ತ ಹರಿಯುತ್ತದೆ ಅಂತ ನನಗೆ ಗೊತ್ತು. ಅದಕ್ಕೇ ಮೇಡಂ ನನ್ನನ್ನು ಕರೆದು, “ನೀವೇ ನಡೆದು ತೋರಿಸಿ ಭೀಮರಾಜ್, ನಾನು ಹಿಂದೆ ಸುಣ್ಣ ಹಾಕ್ತೀನಿ” ಅಂದಿದ್ದರು. ನನ್ನನ್ನು ಯಾರಾದರೂ ಮುಂದೆ ನಡೆ ಅಂದದ್ದು ಅದೇ ಮೊದಲು.

ತಕರಾರು ಇರುವುದು ಆರನೇ ಬುಟ್ಟಿಯ ಬಗ್ಗೆ. ಗೆರೆಯಿಂದ ಅರವತ್ತು ಹೆಜ್ಜೆ ದೂರದಲ್ಲಿ, ದಾರಿಗೆ ಅಡ್ಡವಾಗಿ ಆ ಗೋಣಿಮರ. ಬುಟ್ಟಿ ಮರದ ಹಿಂದೆ. ಮರದ ಬುಡದಲ್ಲಿ ಬಲಗಡೆಗೆ ಮುನೇಶ್ವರನ ಕಲ್ಲು. ನಮ್ಮಜ್ಜಿ ದೊಡ್ಡಮುನಿಯಮ್ಮ ನನ್ನ ಕೈ ಹಿಡಿದು ಅಲ್ಲಿಗೆ ಬರುತ್ತಿದ್ದಾಗೆಲ್ಲ, “ಬಲಕ್ಕಿಟ್ಕೊಂಡು ಓಗೋ, ಎಡಕ್ಕೆ ಬುಡ್ಬೇಡ” ಅನ್ನುತ್ತಿದ್ದಳು. ನಮ್ಮೂರಿನ ಎಮ್ಮೆಗಳು ಕೂಡ ಆ ಮರವನ್ನು ಬಲಕ್ಕೆ ಇಟ್ಟುಕೊಂಡೇ ಸುತ್ತು ಹಾಕಿ ಹೋಗುತ್ತಿದ್ದವಂತೆ. ಕಲ್ಲಿನ ಮೇಲಿಂದ ಯಾರೂ ಏನನ್ನೂ ಎಸೆಯುವುದಿಲ್ಲ. ಮಾವಿನ ಓಟೆಯನ್ನೂ ಇಲ್ಲ. ದಾರಿ ಹಾಕುವಾಗ ನಾನು ಯೋಚನೆಯನ್ನೇ ಮಾಡಲಿಲ್ಲ. ಕಾಲು ತಾನಾಗಿ ಮರದ ಎಡಗಡೆಯಿಂದ ಬಳಸಿ ಹೋಯಿತು, ಮೇಡಂ ಹಿಂದಿನಿಂದ ಸುಣ್ಣ ಹಾಕಿದರು. ಕೇಳಿದಾಗ, “ಡಿಸ್ಕು ಮರವನ್ನ ಬಲಕ್ಕಿಟ್ಕೊಂಡೇ ಹೋಗ್ಬೇಕು ಮೇಡಂ” ಅಂದೆ. ಅವರು, “ಓ, ಕಡ್ಡಾಯದ ಮರ! ಆಟದಲ್ಲಿ ಅಂಥಾ ರೂಲೇ ಇದೆ” ಅಂತ ಖುಷಿಪಟ್ಟು ಕಾಂಡಕ್ಕೆ ಒಂದು ಬಾಣದ ಗುರುತು ಕಟ್ಟಿದರು.

ಅಲ್ಲಿ ನಡೆದದ್ದು ಇಷ್ಟು. ಬಲಗೈಯವರು ಎಸೆದ ಡಿಸ್ಕು ಕೊನೆಗೆ ಎಡಕ್ಕೆ ಇಳಿಯುತ್ತದೆ. ಎಡಗೈಯವರದ್ದು ಬಲಕ್ಕೆ. ಮರವನ್ನು ಬಲಕ್ಕಿಟ್ಟುಕೊಂಡು ಸುತ್ತಬೇಕಾದರೆ ಡಿಸ್ಕು ಬಲಕ್ಕೇ ಬಾಗಬೇಕು. ಮೂವತ್ತು ಜನರಲ್ಲಿ ಎಡಚ ನಾನೊಬ್ಬನೇ. ಎರಡು ತಿಂಗಳಲ್ಲಿ ಆರನೇ ಬುಟ್ಟಿಯನ್ನು ಮೂರು ಎಸೆತದೊಳಗೆ ಮುಗಿಸಿದವನೂ ನಾನೊಬ್ಬನೇ.

“ದೇವ್ರ ಎಸ್ರು ಏಳ್ಕೊಂಡು ತನ್ನ ಕೈಗೆ ತಕ್ಕಂಗೆ ಮಾಡ್ಕೊಂಡವ್ನೆ,” ಎಂದರು ಅನಂತರಾಜಣ್ಣ, ನಗು ಇಳಿದ ಮೇಲೆ. ಸಿಟ್ಟು ಬಂದರೆ ಅವರ ಬಾಯಿಂದ ಊರಿನ ಮಾತೇ ಬರುತ್ತದೆ. ಆಮೇಲೆ ಗಂಟಲು ಸರಿಮಾಡಿಕೊಂಡು ಪಟ್ಟಣದ ಮಾತಿಗೆ ಬಂದರು. “ನೋಡಿ, ಮುಂದಿನ ತಿಂಗಳು ಬೇರೆ ಊರುಗಳಿಂದ ಆಟಗಾರರು ಬರ್ತಾರೆ. ಅವರ ಮುಂದೆ ನಗೆಪಾಟಲು ಆಗೋದು ಬೇಡ. ಇವತ್ತೊಂದು ದಿನ ನೋಡೋಣ. ಬಲಗೈಯವರು ಒಬ್ರೇ ಒಬ್ರು ಆರನೇದನ್ನ ಮೂರರಲ್ಲಿ ಮುಗಿಸಿದ್ರೆ ದಾರಿ ಹಿಂಗೇ ಇರ್ಲಿ. ಇಲ್ಲ ಅಂದ್ರೆ ಬಲಗಡೆ ಅಡ್ಡ ಬಂದಿರೋ ಕೊಂಬೆ ತೆಗೆಸಿ ನೇರ ಮಾಡ್ಬಿಡೋಣ.”

ನೇರ ಅಂದರೆ ಕಲ್ಲಿನ ಮೇಲೆ. ನನ್ನ ನಾಲಿಗೆಯ ತುದಿಗೆ ಒಂಬತ್ತು ಬೈಗುಳ ಬಂದವು. ಅಕ್ಬರ್ ಪಾಷಾ ನನ್ನ ಮೊಣಕೈ ಹಿಡಿದ. “ಮಚ್ಚಾ, ಸುಮ್ನಿರು. ನಿನ್ ಬಾಯಿ ಆಮೇಲೂ ಇರುತ್ತೆ. ಮೊದ್ಲು ಆಡೋಣ.”

ನಾಲ್ಕು ನಾಲ್ಕು ಜನರ ಗುಂಪು ಮಾಡಿದರು. ನಮ್ಮ ಗುಂಪಿನಲ್ಲಿ ನಾನು, ಅಕ್ಬರ್, ಮೋನಿಷಾ ಮೇಡಂ, ಅನಂತರಾಜಣ್ಣ. ನಮ್ಮದೇ ಕೊನೆಯ ಗುಂಪು. ಒಂದನೇ ಬುಟ್ಟಿಯಿಂದ ಹೊರಟೆವು.

ಡಿಸೆಂಬರಿನ ಮಂಜು ಇನ್ನೂ ನೆಲ ಬಿಟ್ಟಿರಲಿಲ್ಲ. ನೀಲಗಿರಿ ಮರಗಳ ಕಾಲುಗಳೆಲ್ಲ ಹಾಲಿನಲ್ಲಿ ಅದ್ದಿದ ಹಾಗೆ, ತಲೆ ಮಾತ್ರ ಬಿಸಿಲಿನಲ್ಲಿ. ಎಸೆದ ಡಿಸ್ಕು ಕೈಬಿಟ್ಟ ಕೂಡಲೇ ತೂಕ ಕಳೆದುಕೊಳ್ಳುತ್ತಿತ್ತು. ಅಕ್ಬರನ ಕಿತ್ತಳೆ ಬಣ್ಣದ್ದು ಮಂಜಿನೊಳಗೆ ಹೋಗಿ ಮಂಕಾಗಿ, ಮತ್ತೆ ಬೆಳಗಿ, ಎಲ್ಲೋ ಸರಪಳಿ ಜಣ್ಣೆಂದಾಗ ಮಾತ್ರ ನಾವು ಉಸಿರು ಬಿಟ್ಟೆವು. ಎರಡನೇ ಬುಟ್ಟಿಯ ಹತ್ತಿರ ವಿಮಾನವೊಂದು ಇಳಿಯಲು ಹೊರಟು, ತಲೆಯ ಮೇಲೇ ಬಂದು, ಅದರ ನೆರಳು ಮರದಿಂದ ಮರಕ್ಕೆ ಜಾರಿಕೊಂಡು ಹೋಯಿತು. ಅದು ಹೋದ ಮೇಲೆ ತೋಪು ಮೊದಲಿಗಿಂತ ಹೆಚ್ಚು ಮೌನವಾಯಿತು.

ನನ್ನ ಸಿಟ್ಟಿಗೂ ಈ ಆಟಕ್ಕೂ ಒಂದು ಒಳಸಂಬಂಧ ಇದೆ. ಸಿಟ್ಟು ಮೊಣಕೈಯಲ್ಲಿ ನಿಂತರೆ ಡಿಸ್ಕು ನೆಲ ಕಚ್ಚುತ್ತದೆ. ಭುಜಕ್ಕೆ ಏರಿದರೆ ಆಕಾಶ ನೋಡುತ್ತದೆ. ಸೊಂಟದಿಂದ ತಿರುಗಿ ಬೆರಳ ತುದಿಗೆ ಬಂದರೆ ಮಾತ್ರ ಹಾರುತ್ತದೆ. ಬೆರಳಿಂದ ಬಿಟ್ಟ ಮೇಲೆ ಅದು ಸಿಟ್ಟಾಗಿ ಉಳಿದಿರುವುದಿಲ್ಲ. ಮೂರನೇ ಬುಟ್ಟಿಯಲ್ಲಿ ನಾನು ಎಸೆದದ್ದು ಎರಡು ನೇರಳೆ ಮರಗಳ ಸಂದಿನಲ್ಲಿ ತೂರಿ, ನಿಂತೇ ಬಿಟ್ಟಿತೇನೋ ಅನ್ನುವಷ್ಟು ನಿಧಾನವಾಗಿ, ಇಬ್ಬನಿಯ ಮೇಲೆ ಕೂತಿತು. ನಾನು ಅದರ ಹಿಂದೆ ನಡೆದೆ. ಕಾಲಡಿ ಎಲೆಗಳು ಒದ್ದೆಯಾಗಿ ಸದ್ದೇ ಇಲ್ಲ. ನಡೆಯುತ್ತಿರುವವನು ನಾನೇನಾ ಅಂತ ಒಂದು ಸಲ ಹಿಂತಿರುಗಿ ನೋಡಿದೆ.

“ಭೀಮರಾಜ್, ನಿಜ ಹೇಳಿ,” ಎಂದರು ಮೋನಿಷಾ ಮೇಡಂ ಪಕ್ಕಕ್ಕೆ ಬಂದು, ಮೆಲ್ಲಗೆ. “ಅವತ್ತು ಆ ದಾರಿ ನಡೀವಾಗ ನಿಮ್ಮ ಎಸೆತ ನಿಮ್ಮ ತಲೇಲಿ ಇರ್ಲೇ ಇಲ್ವಾ?”

“ಇರ್ಲಿಲ್ಲ ಮೇಡಂ.”

“ನಾನು ಬಯ್ಯಲ್ಲ. ಕೇಳ್ದೆ ಅಷ್ಟೆ.”

“ಇರ್ಲಿಲ್ಲ ಅಂದ್ನಲ್ಲ!”

ಧ್ವನಿ ಜೋರಾಯಿತು. ಅವರು ಕೈ ಎತ್ತಿ ಸರಿ ಸರಿ ಅಂದು ಮುಂದೆ ಹೋದರು. ನಾನು ಹಿಂದೆಯೇ ನಿಂತೆ. ಇರಲಿಲ್ಲವೇ? ಅಜ್ಜಿಯ ಕೈ ಹಿಡಿದು ಸುತ್ತಿದ ಕಾಲು ಅದು. ಆದರೆ ಆ ಕಾಲಿನ ಮೇಲೆ ಇದ್ದದ್ದು ನನ್ನದೇ ಮೈ, ಆ ಮೈಗೆ ಇದ್ದದ್ದು ಇದೇ ಕೈ. ಮರವನ್ನು ಬಳಸುವಾಗ ನನ್ನೊಳಗೆ ಏನೋ ಒಂದು ಸುಖವಾಗಿ ಬಲಕ್ಕೆ ಬಾಗಿದ್ದು ನಿಜ. ಅದು ಭಕ್ತಿಯೋ, ಡಿಸ್ಕೋ? ಇದನ್ನು ಕೇಳಿದವರು ಮೇಡಂ ಅಲ್ಲದೆ ಬೇರೆ ಯಾರಾದರೂ ಆಗಿದ್ದರೆ ಹೊಡೆದೇ ಬಿಡುತ್ತಿದ್ದೆನೇನೋ. ಉತ್ತರ ಗೊತ್ತಿಲ್ಲದಾಗ ನನಗೆ ಬೇಗ ಕೈ ಏಳುತ್ತದೆ.

ನಾಲ್ಕನೇ ಬುಟ್ಟಿಯಲ್ಲಿ ಅನಂತರಾಜಣ್ಣ ಚೆನ್ನಾಗಿ ಆಡಿದರು. ಐವತ್ತೈದರ ವಯಸ್ಸಿಗೆ ಅವರ ಎಸೆತ ಹಗುರ. ಡಿಸ್ಕು ಬುಟ್ಟಿಗೆ ಬಿದ್ದಾಗ ಮಗುವಿನ ಹಾಗೆ ಎರಡು ಹೆಜ್ಜೆ ಕುಣಿದು, ನಾವು ನೋಡಿದೆವು ಅಂತ ಗೊತ್ತಾಗಿ ಟೋಪಿ ಸರಿಮಾಡಿಕೊಂಡರು.

“ಅಣ್ಣ, ಹಿಂಗೇ ಆಡ್ತಾ ಇದ್ರೆ ಮುಂದಿನ ಬಿಲ್ಡಿಂಗಿಗೆ ಲಿಫ್ಟ್ ಬದ್ಲು ಸರಪಳಿ ಹಾಕಿಸ್ತೀರ,” ಎಂದ ಅಕ್ಬರ್.

“ನೀನ್ ವೆಲ್ಡಿಂಗ್ ಮಾಡಿದ್ ಸರಪಳಿ ಅಲ್ವಾ, ಮೂರನೇ ಫ್ಲೋರಿಗೇ ಕಿತ್ಕೊಂಡ್ ಬರುತ್ತೆ ಬಿಡೋ.”

ಎಲ್ಲರೂ ನಕ್ಕೆವು. ನಾನೂ ನಕ್ಕೆ, ಆಮೇಲೆ ಯಾಕೆ ನಕ್ಕೆ ಅಂತ ನನ್ನ ಮೇಲೇ ಉರಿದುಕೊಂಡೆ. ಬಯ್ದವನ ಜೋಕಿಗೆ ನಗುವ ಹಲ್ಲುಗಳನ್ನು ಕಿತ್ತು ಎಸೆಯಬೇಕು.

ಐದನೆಯದನ್ನು ನಾನು ಗೆದ್ದೆ. ಹಿಂದಿನ ಬುಟ್ಟಿಯನ್ನು ಯಾರು ಕಡಿಮೆಯಲ್ಲಿ ಮುಗಿಸುತ್ತಾರೋ ಅವರು ಮುಂದಿನದಕ್ಕೆ ಮೊದಲು ಎಸೆಯಬೇಕು. ಆಟದ ಮರ್ಯಾದೆ ಅದು. ಹಾಗಾಗಿ ಆರನೇ ಗೆರೆಯ ಮೇಲೆ ಮೊದಲು ನಾನು ನಿಂತೆ.

ಮಂಜು ಅಷ್ಟರಲ್ಲಿ ಹರಿದಿತ್ತು. ಗೋಣಿಮರದ ಹಿಂದಿನಿಂದ ಬಿಸಿಲು ಬಂದು, ಮರ ಇಡೀ ಕಪ್ಪಾಗಿ, ಅದರ ಅಂಚಿಗೆ ಮಾತ್ರ ಬೆಳಕಿನ ನೂಲು ಸುತ್ತಿದ ಹಾಗೆ ಕಾಣುತ್ತಿತ್ತು. ಕಾಂಡ ಒಂದು ಗುಡಿಸಲಿನಷ್ಟು ಅಗಲ. ಬಲಗಡೆ ಒಂದು ಕೊಂಬೆ ನೆಲಕ್ಕೆ ಮೊಣಕೈ ಊರಿದ ಮುದುಕನ ಹಾಗೆ ಬಾಗಿ, ಕಲ್ಲಿನ ಮೇಲೆ ನೆರಳು ಹಿಡಿದಿತ್ತು. ತೆಗೆಯಬೇಕು ಅಂದದ್ದು ಅದನ್ನೇ.

ನಾನು ಎಸೆದೆ. ನೋಡಬೇಕಾದದ್ದು ಏನೂ ಇರಲಿಲ್ಲ. ಡಿಸ್ಕು ಎಡಗಡೆಯ ಹೊಂಗೆ ಸಾಲಿನ ಪಕ್ಕದಲ್ಲಿ ಹೋಗಿ, ಮರವನ್ನು ಮುಟ್ಟದೆ ಬಳಸಿ, ಬೆಳಕಿನ ಹಿಂದೆ ಮರೆಯಾಯಿತು.

“ನೋಡ್ರಿ,” ಎಂದರು ಅನಂತರಾಜಣ್ಣ.

ಗೆರೆಯಿಂದ ಮರದ ಆ ಬದಿ ಕಾಣುವುದಿಲ್ಲ. ಅದಕ್ಕೆ ಒಬ್ಬರು ಮುಂದೆ ಹೋಗಿ ನಿಂತು ನೋಡಬೇಕು. ಡಿಸ್ಕು ತಪ್ಪು ಬದಿಯಿಂದ ಹೋದರೆ ಕೈ ಎತ್ತಬೇಕು. ಕೈ ಎತ್ತಿದರೆ ಒಂದು ಎಸೆತ ದಂಡ, ಮತ್ತು ಮರದ ಈಚೆ ಇರುವ ಸುಣ್ಣದ ಗೆರೆಯಿಂದ ಮತ್ತೆ ಆಟ. ಎತ್ತದಿದ್ದರೆ ಸರಿ ಅಂತ ಅರ್ಥ. ನಾನು ಹೋಗಿ ಮರದ ಆಚೆ, ಬಲಗಡೆಗೆ ಸರಿದು, ಗೆರೆಯಲ್ಲಿದ್ದವರಿಗೆ ಕಾಣುವ ಹಾಗೆ ನಿಂತೆ.

ಅಕ್ಬರನದ್ದು ಹೊಂಗೆಗೆ ಬಡಿದು ಅಲ್ಲೇ ಬಿತ್ತು. ಅವನು ಬುಟ್ಟಿಗೆ ತಲುಪುವ ಹೊತ್ತಿಗೆ ಐದಾಯಿತು. ಅನಂತರಾಜಣ್ಣನದ್ದು ಚೆನ್ನಾಗಿಯೇ ಹೊರಟಿತು, ಬಲಗೈಯ ಎಸೆತ ಅಲ್ಲವೇ, ಎಡಕ್ಕೆ ಬಾಗಲು ಬೇಕಾದಷ್ಟು ಜಾಗ ಸಿಗಲಿ ಅಂತ ಬಲಗಡೆಯಿಂದ ತಂದರು. ಅದು ಆ ಬಾಗಿದ ಕೊಂಬೆಯ ಎಲೆಗಳೊಳಗೆ ನುಗ್ಗಿ ಕಲ್ಲಿನ ಮಗ್ಗುಲಿಗೆ ಬಿತ್ತು. ನಾನು ಕೈ ಎತ್ತಿದೆ. ಅವರು ಡಿಸ್ಕು ಎತ್ತಿಕೊಳ್ಳಲು ಬಂದರು. ಕಲ್ಲಿಗೆ ಮೂರು ಹೆಜ್ಜೆ ಇರುವಾಗ ಅವರ ಬಲಗಾಲು, ಗುಡಿಯ ಮುಂದೆ ಚಪ್ಪಲಿ ಬಿಡುವ ಹಾಗೆ, ತಾನಾಗಿಯೇ ಶೂವಿನಿಂದ ಹಿಮ್ಮಡಿ ಎತ್ತಿತು. ಲೇಸು ಕಟ್ಟಿದ ಶೂ, ಬಿಚ್ಚಿಕೊಳ್ಳಲಿಲ್ಲ. ಅವರು ಹಿಮ್ಮಡಿ ಒಳಗೆ ತುರುಕಿಕೊಂಡು, ಬಗ್ಗಿ, ತೋಳು ಆದಷ್ಟು ಉದ್ದ ಮಾಡಿ ಡಿಸ್ಕು ಎಳೆದುಕೊಂಡರು. ನಾನು ನೋಡಿದ್ದು ಅವರಿಗೆ ಗೊತ್ತಾಗಲಿಲ್ಲ. ಅವರದ್ದೂ ಐದು. ಇಬ್ಬರೂ ಮೇಡಂ ಎಸೆಯುವುದನ್ನು ನೋಡಲು ಮತ್ತೆ ಗೆರೆಯ ಹತ್ತಿರ ಹೋದರು.

ಉಳಿದವರು ಮೋನಿಷಾ ಮೇಡಂ. ನಮಗಿಂತ ಮುಂಚೆ ಆಡಿದ ಗುಂಪುಗಳಲ್ಲಿ ಬಲಗೈಯವರು ಯಾರೂ ಮೂರರಲ್ಲಿ ಮುಗಿಸಿರಲಿಲ್ಲ. ಅವರೆಲ್ಲ ಏಳನೆಯದಕ್ಕೆ ಹೋಗದೆ ಗೆರೆಯ ಪಕ್ಕದ ಹೊಂಗೆ ಸಾಲಿನ ನೆರಳಿನಲ್ಲಿ ಗುಂಪುಗೂಡಿ ನಿಂತಿದ್ದರು. ಇನ್ನು ದಾರಿ ಉಳಿಯುವುದು ಮೇಡಂ ಕೈಯಲ್ಲಿ ಮಾತ್ರ.

ಅವರು ಡಿಸ್ಕನ್ನು ಎದೆಗೆ ಅಡ್ಡ ತರದೆ ಬಲಗಡೆ ಪಕ್ಕೆಯ ಹತ್ತಿರ ಹಿಡಿದರು. ಮುಂಗೈ ಎಸೆತ. ಎರಡು ತಿಂಗಳಿಂದ ಒಬ್ಬರೇ ಅಭ್ಯಾಸ ಮಾಡುತ್ತಿದ್ದದ್ದನ್ನು ನಾನು ನೀರು ಬಿಡುವಾಗ ನೋಡಿದ್ದೆ. ಹಾಗೆ ಎಸೆದರೆ ಬಲಗೈಯವರದ್ದೂ ಬಲಕ್ಕೇ ಬಾಗುತ್ತದೆ. ನೀರು ಚಿಮ್ಮಿದ ಹಾಗೆ ಮಣಿಕಟ್ಟು ತಿರುಗಿತು. ಬಿಳಿ ಡಿಸ್ಕು ಬಿಸಿಲಿಗೆ ಎದುರಾಗಿ ಬಂತು. ಅದು ಬರುತ್ತಿದ್ದ ಅಷ್ಟು ಹೊತ್ತೂ ನನಗೆ ಏನೂ ಕೇಳಿಸಲಿಲ್ಲ. ಹೊಂಗೆ ಸಾಲಿನ ಜನ ಇರಲಿಲ್ಲ, ಅನಂತರಾಜಣ್ಣ ಇರಲಿಲ್ಲ, ನಾನೂ ಇರಲಿಲ್ಲ. ಒಂದು ಬಿಳಿ ಗುಂಡು ಬೆಳಕು, ತಾನೇ ತನ್ನ ಸುತ್ತ ತಿರುಗುತ್ತಾ, ಮುದಿ ಮರದ ಕಡೆಗೆ ನಿದ್ದೆಯಲ್ಲಿ ನಡೆದು ಬರುವವರ ಹಾಗೆ ಬರುತ್ತಿತ್ತು.

ಮರಕ್ಕೆ ಇನ್ನೂ ಎರಡು ಮಾರು ಇರುವಾಗಲೇ ಅದು ಬಲಕ್ಕೆ ಬಾಗಿತು. ಬೇಗ ಬಾಗಿತು. ಕಾಂಡದ ಬಲಗಡೆಯಿಂದ, ತೊಗಟೆಗೆ ಒಂದು ಗೇಣು ಬಿಟ್ಟು, ಬಾಗಿದ ಕೊಂಬೆಯ ಮೇಲೆ, ಕಲ್ಲಿನ ನೆತ್ತಿಯ ಮೇಲೆ ಹಾರಿ, ಮರದ ಹಿಂದೆ ಎಲ್ಲೋ ಬಡಿದು, ಹಿಂದಕ್ಕೆ ಉರುಳಿ, ಬುಟ್ಟಿಯಿಂದ ಹದಿನೈದು ಹೆಜ್ಜೆಯಲ್ಲಿ ನಿಂತಿತು.

ಗೆರೆಯ ಹತ್ತಿರ ಇದ್ದವರಿಗೆಲ್ಲ ಕಂಡದ್ದು ಕಣ್ಣು ಕುಕ್ಕುವ ಬಿಸಿಲಿನಲ್ಲಿ ಒಂದು ಡಿಸ್ಕು ಮರದ ಹಿಂದೆ ಮರೆಯಾದದ್ದು ಮಾತ್ರ. ಎಲ್ಲರೂ ನನ್ನ ಕೈ ನೋಡುತ್ತಿದ್ದರು.

ನಾನು ಕೈ ಎತ್ತಲಿಲ್ಲ.

ಎತ್ತಬಾರದು ಅಂತ ನಿರ್ಧಾರ ಮಾಡಿದೆನೋ ಇಲ್ಲವೋ ಹೇಳಲಾರೆ. ಎರಡೂ ಕೈ ತೊಡೆಯ ಪಕ್ಕದಲ್ಲಿ ಬೇರೆಯವರ ಕೈಗಳ ಹಾಗೆ ನೇತಾಡುತ್ತಿದ್ದವು. ಮೇಡಂ ಓಡಿ ಬಂದರು. ಎರಡನೆಯದು ಬುಟ್ಟಿಯ ಅಂಚಿಗೆ ತಾಗಿ ಹೊರಗೆ ಬಿತ್ತು. ಮೂರನೆಯದು ಸರಪಳಿಗೆ ಬಡಿದು ಒಳಗೆ ಕೂತಿತು. ಜಣ್ ಅಂದ ಸದ್ದು ತೋಪಿನ ತುಂಬ ಹರಡಿ, ಹೊಂಗೆ ಸಾಲಿನಿಂದ ಚಪ್ಪಾಳೆಯಾಗಿ ವಾಪಸು ಬಂತು. ಮೇಡಂ ಎರಡೂ ಕೈ ಮೇಲೆತ್ತಿ ಗಿರಗಿರ ತಿರುಗಿದರು. ಅಕ್ಬರ್ ಬಂದು ನನ್ನ ಬೆನ್ನಿಗೆ ಗುದ್ದಿದ. “ಮೂರು ಮಗಾ! ಉಳೀತು ನಿನ್ ದಾರಿ!”

ಅನಂತರಾಜಣ್ಣ ನಿಧಾನವಾಗಿ ನಡೆದು ಬಂದರು. ಟೋಪಿ ತೆಗೆದು ಹಣೆ ಒರೆಸಿಕೊಂಡರು. ಜನ ಎಲ್ಲ ಹತ್ತಿರ ಬಂದು ಸುತ್ತ ನಿಂತಿದ್ದರು. “ಸರಿ ಕಣ್ರಪ್ಪ,” ಎಂದರು. “ಮಾತು ಅಂದ್ರೆ ಮಾತು. ಇರ್ಲಿ ಹಿಂಗೇ.” ಅವರ ಮುಖದಲ್ಲಿ ಸೋತ ಸಿಟ್ಟು ಹುಡುಕಿದೆ. ಇರಲಿಲ್ಲ. ಅದಕ್ಕೆ ಬದಲು ಹೊರೆ ಇಳಿಸಿದವರ ಒಂದು ನಿರಾಳ ಇತ್ತು. ನನಗೆ ಆಗ ಅದು ಅರ್ಥವಾಗಲಿಲ್ಲ.

ಗೆದ್ದಿದ್ದೆ. ಮೂವತ್ತು ಜನ ನನ್ನ ದಾರಿಗೆ ಚಪ್ಪಾಳೆ ತಟ್ಟಿದ್ದರು. ಇಷ್ಟು ಸಾಕಿತ್ತು. ಮೇಡಂ ಕಲ್ಲಿನ ಪಕ್ಕದಲ್ಲಿ ನಿಂತು ನೀರು ಕುಡಿಯುತ್ತಿದ್ದರು. ಡಿಸ್ಕು ಹಾರುವಾಗ ಉದುರಿಸಿದ ಒಂದು ಗೋಣಿ ಎಲೆ ಕಲ್ಲಿನ ಅರಿಶಿನದ ಮೇಲೆ ಹಸಿಹಸಿಯಾಗಿ ಅಂಟಿಕೊಂಡಿತ್ತು. ಇದರ ಮೇಲಿಂದ ಯಾರೂ ಏನನ್ನೂ ಎಸೆಯಬಾರದು ಅಂತಲೇ ನಾನು ದಾರಿ ಬಳಸಿದ್ದು. ಬಳಸಿದ ದಾರಿಯನ್ನು ಉಳಿಸಿಕೊಳ್ಳಲು ಅದರ ಮೇಲಿಂದಲೇ ಎಸೆದದ್ದನ್ನು ಮುಚ್ಚಿಟ್ಟುಕೊಂಡು ನಿಂತಿದ್ದೆ. ಹಾಗಾದರೆ ಅನಂತರಾಜಣ್ಣ ಹೇಳಿದ್ದರಲ್ಲಿ ತಪ್ಪೇನಿದೆ?

“ಇಲ್ಲ,” ಅಂದೆ.

“ಏನಿಲ್ಲ?” ಎಂದ ಅಕ್ಬರ್.

“ಈ ಕಡೆಯಿಂದ ಹೋಯ್ತು. ಕಲ್ಲಿನ ಮೇಲೆ. ನಾನ್ ಕೈ ಎತ್ಬೇಕಿತ್ತು, ಎತ್ಲಿಲ್ಲ.”

ಮೇಡಂ ಬಾಟಲಿ ಕೆಳಗಿಳಿಸಿದರು. “ಅಯ್ಯೋ ಪುಣ್ಯಾತ್ಮ, ಆಗ್ಲೇ ಹೇಳ್ಬಾರ್ದಿತ್ತಾ! ಅಷ್ಟು ಜನರ ಮುಂದೆ ಬುಗುರಿ ಥರ ತಿರುಗಿಬಿಟ್ನಲ್ಲ ನಾನು!” ಅಂದರು. ನಗಲು ಹೋದರು, ಆಗಲಿಲ್ಲ. ಚೀಟಿ ತೆಗೆದು ತಮ್ಮ ಹೆಸರಿನ ಮುಂದಿದ್ದ ಮೂರನ್ನು ತಾವೇ ಹೊಡೆದು ಹಾಕಿದರು.

“ಎರಡು ನಿಮಿಷ ಬಾಯಿ ಮುಚ್ಕೊಂಡಿದ್ರೆ ಏನಾಗ್ತಿತ್ತು ಮಚ್ಚಾ ನಿಂಗೆ,” ಅಂತ ಅಕ್ಬರ್ ತನ್ನಷ್ಟಕ್ಕೆ ಗೊಣಗಿದ.

ಅನಂತರಾಜಣ್ಣ ಮಾತ್ರ ನನ್ನನ್ನೇ ನೋಡುತ್ತಿದ್ದರು. ಬೆಳಿಗ್ಗೆಯಿಂದ ಅವರು ನನ್ನ ಮುಖ ನೇರವಾಗಿ ನೋಡಿದ್ದು ಆಗಲೇ. ಅವರಿಗೆ ಗೆಲುವು ಬೇಕಾಗಿರಲಿಲ್ಲ ಅಂತ ಆ ನೋಟದಲ್ಲಿ ಗೊತ್ತಾಯಿತು. ಆದರೆ ಎಲ್ಲರ ಎದುರಿಗೆ ಮಾತು ಕೊಟ್ಟಿದ್ದರು.

“ಸರಿ,” ಎಂದರು. “ಹಂಗಾದ್ರೆ ನೇರ ಮಾಡೋಣ. ನಾಳೆ ಬೆಳಿಗ್ಗೆ ಆ ಕೊಂಬೆ ತೆಗ್ದ್ಬಿಡೋ ಭೀಮ. ಗರಗಸ ನಿನ್ ಶೆಡ್ಡಲ್ಲೇ ಐತಲ್ಲ. ಪರ್ಮಿಷನ್ ಗಿರ್ಮಿಷನ್ ಎಲ್ಲ ನಾನ್ ನೋಡ್ಕೋತೀನಿ.”

ನಾನು ಕೊಂಬೆಯ ಕಡೆ ನೋಡುತ್ತಾ ನಿಂತೆ.

“ಕೇಳಿಸ್ತೇನೋ?”

ಗಾಳಿ ಬಂತು. ಗೋಣಿಮರ ತನ್ನ ಎಲೆಗಳನ್ನೆಲ್ಲ ಒಂದು ಸಲ ಮಗುಚಿ, ಮತ್ತೆ ಸರಿಯಾಗಿ ಇಟ್ಟುಕೊಂಡಿತು.

“ಅವ್ನಿಗ್ಯಾಕೆ ಹೇಳ್ತೀರ ಅಣ್ಣ,” ಎಂದ ಅಕ್ಬರ್. “ಮರ ಕೊಯ್ಯೋರು ಯಶವಂತಪುರದಲ್ಲಿ ಬೇಕಾದಷ್ಟು ಜನ ಸಿಗ್ತಾರೆ. ಫೋನ್ ಮಾಡಿದ್ರೆ ಅರ್ಧ ಗಂಟೆಗೆ ಬರ್ತಾರೆ.”

“ಹೊರಗಿನೋರ ಕೈಲಿ ಕಡ್ಸಿದ್ರೆ ಊರೋರು ನನ್ನ ಸುಮ್ನೆ ಬಿಡ್ತಾರೇನೋ? ಇವ್ನು ಊರೋನು. ದೊಡ್ಡಮುನಿಯಮ್ಮನ ಮೊಮ್ಮಗ. ಇವ್ನು ಕಡಿದ್ರೆ ಯಾರೂ ಏನೂ ಅನ್ನಕ್ಕಾಗಲ್ಲ.”

“ನೀವೂ ಊರೋರೇ ಅಲ್ವಾ ಅಣ್ಣ?”

ಅಕ್ಬರ್ ಅದನ್ನು ಕುಹಕಕ್ಕೆ ಕೇಳಲಿಲ್ಲ. ನಿಜವಾಗಿಯೂ ಗೊತ್ತಿಲ್ಲದವನ ಹಾಗೆ ಕೇಳಿದ. ಅನಂತರಾಜಣ್ಣ ಕೊಂಬೆಯ ಕಡೆ ನೋಡಿದರು, ಕಲ್ಲಿನ ಕಡೆ ನೋಡಲಿಲ್ಲ. ಹದಿನಾಲ್ಕು ಅಂತಸ್ತು ಎಬ್ಬಿಸಲು ಎಷ್ಟು ತೋಟ ಕೊಯ್ಯಿಸಿದ್ದಾರೋ ಅವರಿಗೇ ಲೆಕ್ಕ ಗೊತ್ತಿರಲಿಕ್ಕಿಲ್ಲ. ಈ ಒಂದು ಕೊಂಬೆಗೆ ಮಾತ್ರ ಅವರಿಗೆ ನನ್ನ ಕೈ ಬೇಕಿತ್ತು. ಅದೂ ಯಾವ ಕೈ? ಹಾಗೆ ಕೇಳಿಬಿಡಬಹುದಿತ್ತು. ಅಷ್ಟೂ ಜನ ಇದ್ದರು, ಈ ಸಲ ನಗುವವರು ನನ್ನ ಪರ ಇರುತ್ತಿದ್ದರು. ಮಾತು ಬಾಯಿಯವರೆಗೆ ಬಂದು, ಅಲ್ಲೇ ನಿಂತು, ತೂಕ ಕಳೆದುಕೊಂಡು ಎಲ್ಲೋ ಇಳಿದುಹೋಯಿತು.

“ಏನಾದ್ರೂ ಅನ್ನೋ,” ಎಂದರು ಅವರು. ಧ್ವನಿ ತಗ್ಗಿತ್ತು, ನನಗೂ ಅಕ್ಬರನಿಗೂ ಕೇಳುವಷ್ಟು ಮಾತ್ರ. “ಕಡೀತೀನಿ ಅನ್ನು. ಇಲ್ಲ, ಕಡಿಯಲ್ಲ ಅಂತ ಬಯ್ದಾದ್ರೂ ಬಯ್ಯಿ. ಭೀಮ ಒಪ್ಲಿಲ್ಲ ಕಣ್ರೀ ಅಂತ ಏಳ್ಬುಡ್ತೀನಿ ಎಲ್ರಿಗೂ. ಸುಮ್ನೆ ನಿಂತ್ರೆ ನಾನ್ ಏನ್ ಮಾಡ್ಲೋ?”

ಒಪ್ಪಿದರೆ ಕೊಂಬೆ ಬೀಳುತ್ತಿತ್ತು, ಪಾಪ ನನ್ನದಾಗುತ್ತಿತ್ತು. ಒಪ್ಪದಿದ್ದರೆ ಮಾತಿಗೆ ತಪ್ಪಿದ್ದು ಅವರಲ್ಲ, ನಾನು ಅಂತಾಗುತ್ತಿತ್ತು. ಎರಡರಲ್ಲಿ ಯಾವುದನ್ನು ಕೊಟ್ಟರೂ ಅವರು ಎತ್ತಿಕೊಂಡು ಹೋಗುತ್ತಿದ್ದರು. ಕೊಡದೇ ಇದ್ದರೆ ಕೊಂಬೆಯ ಜೊತೆ, ಕಲ್ಲಿನ ಜೊತೆ ಅವರೇ ನಿಲ್ಲಬೇಕು, ಲೇಸು ಕಟ್ಟಿದ ಶೂ ಹಾಕಿಕೊಂಡು.

ನನ್ನ ಡಿಸ್ಕು ಬುಟ್ಟಿಯಿಂದ ಐದು ಹೆಜ್ಜೆಯಲ್ಲಿ ಹುಲ್ಲಿನ ಮೇಲೆ ಹಾಗೇ ಇತ್ತು. ನಾನಿನ್ನೂ ಮುಗಿಸಿರಲಿಲ್ಲ. ಹೋಗಿ ಅದರ ಹಿಂದೆ ಕಾಲಿಟ್ಟು ಬುಟ್ಟಿಗೆ ಹಾಕಿದೆ. ಸರಪಳಿ ಮೆಲ್ಲಗೆ ಅಲುಗಿತು. ಎರಡೇ ಎಸೆತ. ಏಳನೆಯದಕ್ಕೆ ಮೊದಲ ಎಸೆತ ನನ್ನದು.

“ಲೋ ಭೀಮ!”

ಏಳನೇ ಗೆರೆ ನೀಲಗಿರಿಯ ಒಳಗೆ, ಇಳಿಜಾರಿನ ತಲೆಯಲ್ಲಿದೆ. ಡಿಸ್ಕಿಗೆ ಅಂಟಿದ ಇಬ್ಬನಿಯನ್ನು ಅಂಗಿಗೆ ಒರೆಸಿಕೊಳ್ಳುತ್ತಾ ಆ ಕಡೆ ನಡೆದೆ. ಹಿಂದಿನಿಂದ ಇನ್ನೊಂದು ಸಲ ನನ್ನ ಹೆಸರು ಕೇಳಿಸಿತು, ಈ ಸಲ ಸಣ್ಣಗೆ. ಮರಗಳು ಒಂದೊಂದಾಗಿ ಎರಡೂ ಪಕ್ಕಕ್ಕೆ ಸರಿದು ದಾರಿ ಬಿಟ್ಟವು.